ಬೆಳಕವಾಡಿ ರಾಯರ ಮೂಳೆ ಗಡಿಯಾರ

ಮೊನ್ನೆ ಮದ್ದೂರಿನಿಂದ ಅಣ್ಣ ತಂಗಿ ಇಬ್ಬರು ಬಂದಿದ್ದರು. ಹಳೆಯ ಕೀ ಕೊಡುವ ಗಡಿಯಾರಗಳಿಗೆ ಈಗ ಮತ್ತೆ ಬೇಡಿಕೆ ಬಂದಿದೆಯಂತೆ, ಅದರ ರಿಪೇರಿ ಕಲಿಯಬೇಕಂತೆ. "ತಾತ, ಮುಖ್ಯವಾದ್ದು ಏನೇನು ಅಂತ ಹೇಳಿ, ಬರ್ಕೊಂಡು ಹೋಗ್ತೀವಿ" ಎಂದು ಆ ಹುಡುಗಿ ಪುಸ್ತಕ ಬಿಡಿಸಿಕೊಂಡು ಕುಳಿತಳು. ನನಗೆ ಉರಿದುಹೋಯಿತು. ಮೂವತ್ತೆಂಟು ವರ್ಷ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತವನ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುತ್ತಾರಂತೆ! ಕಾಫಿ ಕೊಟ್ಟು ಕಳಿಸಿಬಿಟ್ಟೆ. ಅವರು ಗೇಟು ದಾಟಿದ ಮೇಲೆ ಅಯ್ಯೋ ಅನ್ನಿಸಿತು. ಕಲಿಯುತ್ತೇವೆ ಎಂದು ಬಂದವರ ಮೇಲೆ ಮುನಿಸಿಕೊಳ್ಳುವುದು ಮುದುಕರ ಚಾಳಿ. ಅದಕ್ಕೇ ಇದನ್ನು ಬರೆದು ಆ ಮಕ್ಕಳಿಗೆ ಕಳಿಸುತ್ತಿದ್ದೇನೆ. ನನಗೆ ಹೊದಿಸಿದ ಶಾಲಿನ ಸುದ್ದಿ ಇದರಲ್ಲಿಲ್ಲ. ಶಾಲಿನಿಂದ ಯಾರಿಗೂ ಒಂದು ಸ್ಕ್ರೂ ತಿರುಗಿಸುವುದು ಬರುವುದಿಲ್ಲ. ನಾನು ಕೆಡಿಸಿದ್ದನ್ನು ಹೇಳುತ್ತೇನೆ, ಅದು ನಿಮ್ಮ ಉಪಯೋಗಕ್ಕೆ ಬಂದೀತು.

ನಮ್ಮದು ಮದ್ದೂರಿನ ಅಕ್ಕಸಾಲಿಗರ ಮನೆ. ಚಿನ್ನದ ಕೆಲಸ ಕಡಿಮೆಯಾಗುತ್ತಾ ಬಂದಾಗ ನಮ್ಮಪ್ಪ ನನ್ನನ್ನು ಮಂಡ್ಯದ ಪೇಟೆ ಬೀದಿಯಲ್ಲಿದ್ದ ಖಾದರ್ ಸಾಬರ ಗಡಿಯಾರದ ಅಂಗಡಿಗೆ ಸೇರಿಸಿದರು. ಎಪ್ಪತ್ತರ ದಶಕ ಆಗ ತಾನೇ ಶುರುವಾಗಿತ್ತು. ನನಗೆ ಇಪ್ಪತ್ತೆರಡು ದಾಟಿತ್ತು. ಖಾದರ್ ಸಾಬರನ್ನು ಊರೆಲ್ಲ ಉಸ್ತಾದ್ ಎಂದೇ ಕರೆಯುತ್ತಿತ್ತು. ಇಬ್ಬರು ಕೂತರೆ ಮೂರನೆಯವನು ನಿಂತೇ ಮಾತಾಡಬೇಕಾದಂಥ ಅಂಗಡಿ. ಗಿರಾಕಿ ಗಡಿಯಾರ ಕೊಟ್ಟರೆ ಉಸ್ತಾದ್ ಮೊದಲು ನೋಡುತ್ತಿರಲಿಲ್ಲ. ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಒಂದು ಬೀಡಿ ಸೇದುವಷ್ಟು ಹೊತ್ತು ಕೇಳುತ್ತಿದ್ದರು. "ಮೊದ್ಲು ಕಿವಿ, ಆಮೇಲೆ ಕಣ್ಣು, ಕೈ ಕೊನೇಗೆ" ಎಂದು ನನಗೆ ನೂರು ಸಲ ಹೇಳಿದ್ದಾರೆ. ನಾನು ತಲೆ ಆಡಿಸುತ್ತಿದ್ದೆ, ಒಳಗೊಳಗೇ ನಗುತ್ತಿದ್ದೆ. ಅಕ್ಕಸಾಲಿಯ ಮನೆಯಲ್ಲಿ ಹುಟ್ಟಿದವನಿಗೆ ಕಣ್ಣೇ ಎಲ್ಲ. ನಮ್ಮಲ್ಲಿ ಒಡವೆ ಹೊಳೆದರೆ ಕೆಲಸ ಮುಗಿಯಿತು, ಹೊಳೆಯದಿದ್ದರೆ ಇನ್ನೂ ಇದೆ. ಹಾಗಾಗಿ ನನ್ನ ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜುತ್ತಿದ್ದೆ. ಯಾರೂ ನೋಡದ ಸ್ಕ್ರೂ ತಲೆಯನ್ನೂ ಬಿಡುತ್ತಿರಲಿಲ್ಲ.

"ಲೇ ಆಚಾರಿ, ಇದು ಮೂಗುಬೊಟ್ಟಲ್ಲ ಕಣ್ಲಾ, ಗಡಿಯಾರ" ಎಂದು ಉಸ್ತಾದ್ ಬೈಯುತ್ತಿದ್ದರು.

ಆಗ ನಮ್ಮ ಕೆಲಸ ಹೇಗಿತ್ತು ಅಂದರೆ, ಒಂದು ಗಾಜಿನ ಬಟ್ಟಲಲ್ಲಿ ಪೆಟ್ರೋಲು, ಒಂದು ಬ್ರಷ್ಷು, ತೂತು ಚೊಕ್ಕ ಮಾಡಲು ಸೀಳಿದ ಬಿದಿರು ಕಡ್ಡಿ. ತೊಳೆಯುವ ಮಿಷನ್ನು ಬಂದದ್ದು ಎಷ್ಟೋ ವರ್ಷದ ಮೇಲೆ. ಅದರ ಹಿಂದೆಯೇ ಸೆಲ್ ಹಾಕುವ ಗಡಿಯಾರ ಬಂದು, ತೊಳೆಯುವ ಕೆಲಸವೇ ಹೋಯಿತು. ಆದರೆ ಆ ಕಾಲದಲ್ಲಿ ಊರಿನ ಕಸುಬು ಯಾವುದು ಅಂತ ಗಡಿಯಾರ ಬಿಚ್ಚಿದರೇ ಗೊತ್ತಾಗುತ್ತಿತ್ತು. ಹೊಳಲಿನ ಚಿಕ್ಕೇಗೌಡರು ಆಲೆಮನೆ ನಡೆಸುತ್ತಿದ್ದವರು. ಬೆಲ್ಲದ ಕೊಪ್ಪರಿಗೆಯ ಮುಂದೆ ವಾಚು ಕಟ್ಟಿಕೊಂಡೇ ನಿಲ್ಲುತ್ತಿದ್ದರು. ನಾನು ತೊಳೆದು ಕೊಟ್ಟ ತಿಂಗಳಿಗೆ ಅವರ ವಾಚು ನಿಂತಿತು. ಅಂಗಡಿಗೆ ಬಂದು ಬಾಗಿಲಲ್ಲೇ ಕೂಗಿದರು.

"ಏನ್ಲಾ ಆಚಾರಿ, ನನ್ ವಾಚ್ನಾಗೆ ಇರುವೆ ಬುಟ್ಟು ಕೊಟ್ಟಿದ್ದೀಯಲ್ಲೋ!"

ಬಿಚ್ಚಿ ನೋಡಿದರೆ ಚಕ್ರಗಳಿಗೆಲ್ಲ ಬೆಲ್ಲದ ಆವಿ ಅಂಟಿ ಪಾಕವಾಗಿದೆ. ವಾಚು ನಡೆಯುತ್ತಿಲ್ಲ, ಅದರೊಳಗೆ ಇರುವೆ ಸಾಲು ಮಾತ್ರ ಸರಾಗವಾಗಿ ನಡೆಯುತ್ತಿದೆ. ಉಸ್ತಾದ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನಗೆ ಹೇಳಿದರು: "ವಾಚು ತಗೊಳ್ಳುವಾಗ ಅದನ್ನ ಕಟ್ಕೊಳ್ಳೋನು ಏನ್ ಮಾಡ್ತಾನೆ ಅಂತ ಕೇಳಿದ್ಯಾ? ಕೇಳಿದ್ರೆ ಮುಚ್ಚಳ ಬಿಗಿ ಮಾಡ್ತಿದ್ದೆ." ಆ ಮಾತನ್ನು ನಾನು ಅವತ್ತು ಇರುವೆಗೆ ಮಾತ್ರ ಅನ್ವಯಿಸಿಕೊಂಡೆ. ದಡ್ಡ.

ಇನ್ನು ಮೂಳೆ ಗಡಿಯಾರದ ವಿಚಾರ. ಬೆಳಕವಾಡಿಯ ರಂಗರಾಯರು ಒಂದು ದಿನ ಸೊಸೆ ಶಾರದಮ್ಮನ ಕೈ ಹಿಡಿದು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. ಎರಡು ಕಣ್ಣೂ ಹೋಗಿತ್ತು. ನರ ಸತ್ತಿದೆ, ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರಂತೆ. ರಾಯರು ದುಡಿಯುತ್ತಿದ್ದ ಕಾಲದಲ್ಲಿ ಹೊಳೆಯ ಕಡೆ ಪವರ್‌ಹೌಸಿನಲ್ಲಿ ಆಪರೇಟರು. ಮಿಷನ್ನಿನ ಸದ್ದು ಕೇಳಿಯೇ ಎಲ್ಲಿ ಬಿಸಿಯಾಗಿದೆ ಎಂದು ಹೇಳುತ್ತಿದ್ದರಂತೆ. ಹಾಗೆ ಒಂದು ಸಲ ದೊಡ್ಡ ಅನಾಹುತ ತಪ್ಪಿಸಿದ್ದಕ್ಕೆ ಅಲ್ಲಿದ್ದ ಬಿಳಿ ಇಂಜಿನಿಯರು ಊರಿಗೆ ಹೊರಡುವಾಗ ತನ್ನ ಜೇಬು ಗಡಿಯಾರವನ್ನೇ ಇವರ ಕೈಗಿಟ್ಟು ಹೋದನಂತೆ. ರಾಯರು ಕೋಟಿಗೆ ಸಿಕ್ಕಿಸಿದ್ದ ಸರಪಳಿ ಹಿಡಿದು ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು.

ಈ ಕೈಯಲ್ಲಿ ಎಷ್ಟು ಗಡಿಯಾರ ಬಿಚ್ಚಿದ್ದೇನೋ ಲೆಕ್ಕವಿಲ್ಲ. ಅಂಥದ್ದನ್ನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮುಂದೂ ಗಾಜು, ಹಿಂದೂ ಗಾಜು. ನಡುವೆ ಇರಬೇಕಾದ ತಗಡನ್ನೆಲ್ಲ ಗರಗಸದಲ್ಲಿ ಕೊರೆದು ತೆಗೆದು, ಚಕ್ರಗಳನ್ನು ಹಿಡಿದುಕೊಳ್ಳಲು ಬೇಕಾದ ಎಲುಬಷ್ಟನ್ನೇ ಉಳಿಸಿದ್ದಾರೆ. ಆ ಎಲುಬಿನ ಮೇಲೆ ಕೂದಲಿನಂಥ ಗೆರೆಯಲ್ಲಿ ಬಳ್ಳಿಯ ಕೆತ್ತನೆ. ಬೆಳಕಿಗೆ ಹಿಡಿದರೆ ಆಚೆ ಬೀದಿ ಕಾಣುತ್ತದೆ, ಬೀದಿಯ ಮುಂದೆ ಚಕ್ರ ತಿರುಗುತ್ತದೆ. ಸುತ್ತಿಕೊಂಡ ಮೇನ್ ಸ್ಪ್ರಿಂಗು, ಉಸಿರಾಡುವ ಹೇರ್ ಸ್ಪ್ರಿಂಗು, ಎಲ್ಲ ಬಯಲು. ಒಂದು ಮೂಲೆಯಲ್ಲಿ ಹುಣ್ಣಿಮೆ ಅಮಾವಾಸ್ಯೆ ತೋರಿಸುವ ಪುಟ್ಟ ಚಂದ್ರ. ಎಲ್ಲಕ್ಕಿಂತ ಹೆಚ್ಚಿನದು, ಅಂಚಿನಲ್ಲಿ ಸುತ್ತಿಕೊಂಡಿದ್ದ ಎರಡು ಉಕ್ಕಿನ ತಂತಿ, ಅವನ್ನು ಬಡಿಯಲು ಎರಡು ಸುತ್ತಿಗೆ. ಪಕ್ಕದ ಗುಂಡಿಯನ್ನು ಜಾರಿಸಿದರೆ ಗಡಿಯಾರ ಟೈಮನ್ನು ಹೊಡೆದು ಹೇಳುತ್ತದೆ. ದಪ್ಪ ದನಿಯ ತಂತಿ 'ಢಣ್' ಎಂದು ಗಂಟೆ ಹೊಡೆಯುತ್ತದೆ. ಆಮೇಲೆ 'ಟಿಣ್-ಢಣ್' ಎಂದು ಜೋಡಿ ಬಡಿತ, ಅದು ಕಾಲು ಗಂಟೆಯ ಲೆಕ್ಕ. ಕೊನೆಗೆ ಸಣ್ಣ ದನಿಯ ತಂತಿ 'ಟಿಣ್ ಟಿಣ್' ಎಂದು ಮಿಕ್ಕ ನಿಮಿಷ ಹೇಳುತ್ತದೆ.

ಉಸ್ತಾದ್ ಅದನ್ನು ಅವತ್ತು ಬಿಚ್ಚಲೇ ಇಲ್ಲ. ಸಂಜೆಯವರೆಗೂ ಸುಮ್ಮನೆ ನೋಡುತ್ತಾ ಕೂತಿದ್ದರು. "ಕೊರೆಯೋದು ಯಾರಾದ್ರೂ ಕೊರೀತಾರೆ ಆಚಾರಿ. ಎಲ್ಲಿ ನಿಲ್ಲಿಸ್ಬೇಕು ಅಂತ ಇದನ್ನ ಮಾಡಿದವನಿಗೆ ಗೊತ್ತಿತ್ತು ನೋಡು. ಇನ್ನೊಂದೆಳೆ ಕೊರೆದಿದ್ರೆ ಬಿದ್ದೋಗ್ತಿತ್ತು" ಎಂದರು.

ರಾಯರ ದೂರು ಇಷ್ಟೇ, ಗಡಿಯಾರ ನಡೆಯುತ್ತದೆ, ಹೊಡೆಯುವುದು ನಿಂತಿದೆ. "ಪವರ್‌ಹೌಸಿನಲ್ಲಿ ನಾನು ಇದನ್ನ ನೋಡಿ ಸೈರನ್ ಹಾಕಿಸ್ತಿದ್ದೆ ಖಾದರ್ ಸಾಬ್. ಊರೆಲ್ಲ ನನ್ನ ಟೈಮ್ ಕೇಳ್ತಿತ್ತು. ಈಗ ನಾನು ಈ ಹುಡುಗೀನ ದಿನಕ್ಕೆ ಐವತ್ತು ಸಲ ಕೇಳ್ಬೇಕು. ಪಾಪ, ಒಲೆ ಮುಂದೆ ಇರ್ತಾಳೆ, ಓಡಿಬಂದು ಹೇಳ್ತಾಳೆ. ಇದು ಹೊಡೆಯೋ ಹಾಗಾದ್ರೆ ನಾನು ಯಾರನ್ನೂ ಕೇಳೋದು ಬೇಡ" ಎಂದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಎಣ್ಣೆ ಒಣಗಿ ಹೊಡೆಯುವ ಭಾಗದ ಹಲ್ಲು ಕಚ್ಚಿಕೊಂಡಿತ್ತು. ಉಸ್ತಾದ್ ನಾಲ್ಕು ದಿನ ಕೂತು ಸರಿ ಮಾಡಿದರು. ಅಷ್ಟರಲ್ಲಿ ಮಳವಳ್ಳಿಯಲ್ಲಿ ಅವರ ತಂಗಿಯ ಮಗಳ ಮದುವೆ ಬಂತು. "ಒಳಗಿನದೆಲ್ಲ ಆಯ್ತು. ಧೂಳು ಒರೆಸಿ, ಗಾಜು ಕೂರಿಸಿ, ರಾಯರು ಬಂದ್ರೆ ಕೊಟ್ಬಿಡು" ಎಂದು ಹೇಳಿ ಹೋದರು.

ಒರೆಸು ಎಂದಿದ್ದರು. ನಾನು ಕಣ್ಣಿಗೆ ಗಾಜು ಸಿಕ್ಕಿಸಿ ನೋಡಿದೆ. ಸಣ್ಣ ದನಿಯ ತಂತಿಯ ಬುಡದಲ್ಲಿ ತುಕ್ಕು ಹಿಡಿದು ಗುಳಿ ಬಿದ್ದಿತ್ತು. ಮಿಕ್ಕದ್ದೆಲ್ಲ ಥಳಥಳ, ಇದೊಂದು ಮಾತ್ರ ಕಪ್ಪು. ಎಲ್ಲವೂ ಬಯಲಾಗಿ ಕಾಣುವ ಗಡಿಯಾರದಲ್ಲಿ ಇಂಥ ಕಲೆ ಬಿಟ್ಟರೆ ನಾನು ಅಕ್ಕಸಾಲಿಯ ಮಗನೇ? ತಂತಿಯನ್ನು ಬಿಚ್ಚಿದೆ. ಸಣ್ಣ ಅರ ಹಾಕಿ ಗುಳಿ ಹೋಗುವವರೆಗೂ ಬುಡವನ್ನು ತಿಕ್ಕಿದೆ. ಎಮರಿ ಕಾಗದದಲ್ಲಿ ಉಜ್ಜಿ ಕನ್ನಡಿ ಮಾಡಿದೆ. ಕೂಡಿಸಿ ಗುಂಡಿ ಜಾರಿಸಿದಾಗ 'ಟಿಣ್' ಎನ್ನಬೇಕಾದ್ದು 'ಢಣ್' ಎಂದಿತು.

ತಂತಿಯ ಬುಡ ಸವೆದರೆ ದನಿ ಇಳಿಯುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ, ಮಕ್ಕಳೇ. ನನಗೆ ಅವತ್ತು ಗೊತ್ತಿರಲಿಲ್ಲ. ಆದರೆ ಎರಡು ತಂತಿಯ ದನಿಯೂ ಒಂದೇ ಆಗಿದೆ ಎಂದು ಕೇಳಿಸಿತು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಹೊಡೆಯುತ್ತದಲ್ಲ, ಅವರು ಕೇಳಿದ್ದೂ ಅದೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಶಾರದಮ್ಮ ಒಬ್ಬರೇ ಬಂದು ಗಡಿಯಾರ ನೋಡಿ, "ಅಬ್ಬ, ಹೊಸದರ ಹಾಗಿದೆ!" ಎಂದರು. ಉಸ್ತಾದ್ ಮದುವೆ ಮುಗಿಸಿ ಬಂದವರು, "ತಂತಿ ಏನೂ ಮುಟ್ಲಿಲ್ಲ ತಾನೆ?" ಎಂದು ಕೇಳಿದರು.

"ಇಲ್ಲ ಉಸ್ತಾದ್, ಒರೆಸಿದೆ ಅಷ್ಟೆ" ಎಂದೆ.

ಮೂರು ತಿಂಗಳಾಯಿತು. ಒಂದು ಬೆಳಗ್ಗೆ ಹತ್ತು ಗಂಟೆಗೆ ಮಾವ ಸೊಸೆ ಮತ್ತೆ ಬಂದರು. ರಾಯರು ಇಳಿದುಹೋಗಿದ್ದರು. ಕೋಟಿನ ಮೇಲೆ ಗಡಿಯಾರದ ಸರಪಳಿ ಇರಲಿಲ್ಲ. ಶಾರದಮ್ಮ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಉಸ್ತಾದರ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಇಲ್ಲಿ ಕಿವಿ ಡಾಕ್ಟ್ರು ಎಲ್ಲಿದ್ದಾರೆ ಸಾಬರೇ? ನಮ್ಮ ಮಾವನೋರಿಗೆ ಕಿವೀನೂ ಮಂದ ಆಗ್ತಾ ಇದೆ."

ನನ್ನ ಕೈಯಲ್ಲಿದ್ದ ಚಿಮಟ ಮೇಜಿನ ಮೇಲೆ ಬಿತ್ತು.

ತಗ್ಗಿಸಿದ ಆ ದನಿ ರಾಯರಿಗೆ ಚೆನ್ನಾಗಿಯೇ ಕೇಳಿಸಿತ್ತು. ಅವರೇ ಶುರು ಮಾಡಿದರು. "ಹೂಂ ಸಾಬರೇ. ಕಣ್ಣಾಯ್ತು, ಈಗ ಕಿವಿ. ಒಂದಿನ ಮಧ್ಯಾಹ್ನ ಮಲಗಿ ಎದ್ದೆ. ಗಡಿಯಾರ ಹೊಡೆಸಿದ್ರೆ ಆರು ಹೊಡೀತು. ಸಂಜೆ ಆಯ್ತು ಅಂತ ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂತೆ. ದೀಪ ಹಚ್ಚಮ್ಮ ಅಂತ ಕೂಗಿದೆ. ಇವಳು ಬಂದು, ಮಾವ ಈಗಿನ್ನೂ ಮೂರು ಗಂಟೆ, ಹೊರಗೆ ಸುಡೋ ಬಿಸಿಲು ಅಂದಳು. ನಾನು ರೇಗಿದೆ. ನನ್ನ ಗಡಿಯಾರ ಸುಳ್ಳು ಹೇಳಲ್ಲ ಅಂತ ಕೂಗಾಡಿದೆ. ಬೀದಿ ಮಕ್ಕಳೆಲ್ಲ ಕಿಟಕೀಲಿ ನಿಂತು ನಕ್ಕರು."

ನನಗೆ ಆ ಆರು ಎಲ್ಲಿಂದ ಬಂತು ಎಂದು ತಕ್ಷಣ ತಿಳಿಯಿತು. ಮೂರು ಗಂಟೆ ಮೂರು ನಿಮಿಷ. ಕಾಲು ಗಂಟೆ ಆಗಿಲ್ಲವಾದ್ದರಿಂದ ನಡುವೆ ಜೋಡಿ ಬಡಿತವಿಲ್ಲ. ಗಂಟೆಗೆ ಮೂರು ಢಣ್, ಅದರ ಹಿಂದೆಯೇ ನಿಮಿಷಕ್ಕೆ ಮೂರು. ಆ ಮೂರೂ ಢಣ್ ಆಗಿದ್ದರೆ ಕಣ್ಣಿಲ್ಲದವರು ಆರು ಎಂದಲ್ಲದೆ ಇನ್ನೇನೆಂದು ಎಣಿಸುತ್ತಾರೆ?

"ಆಮೇಲೆ ಎಷ್ಟು ಸಲ ಕೇಳಿದ್ರೂ ಎರಡು ತಂತಿ ನನಗೆ ಒಂದೇ ಥರ ಕೇಳ್ತು. ಅದರ ದನಿ ಲೆಕ್ಕ ಇವಳಿಗೆ ಗೊತ್ತಿಲ್ಲ" ಎಂದರು ರಾಯರು. ನಾನಿದ್ದ ಕಡೆಗೆ ಅಂದಾಜಿನಲ್ಲಿ ಮುಖ ತಿರುಗಿಸಿದರು. "ನಿನ್ನ ತಪ್ಪಿಲ್ಲ ಕಣಯ್ಯ ಆಚಾರಿ. ನೋಡಿದೋರೆಲ್ಲ ಏನ್ ಚೆನ್ನಾಗಿ ಮಾಡಿಕೊಟ್ಟಿದ್ದಾನೆ ಅಂತಾರೆ. ನನ್ನ ಕಿವೀನೇ ಹೋದ್ಮೇಲೆ ನೀನೇನು ಮಾಡ್ತೀಯ? ಅದಕ್ಕೇ ಎತ್ತಿಟ್ಟುಬಿಟ್ಟೆ. ಟೈಮ್ ಕೇಳೋದೂ ಬಿಟ್ಟುಬಿಟ್ಟೆ. ನನಗ್ಯಾಕೆ ಇನ್ನು ಟೈಮು?"

ಉಸ್ತಾದ್ ಗಡಿಯಾರ ಕೊಡಿ ಎಂದರು. ಶಾರದಮ್ಮ ಚೀಲದಿಂದ ತೆಗೆದುಕೊಟ್ಟರು. ಉಸ್ತಾದ್ ಅದನ್ನು ನೋಡಲಿಲ್ಲ. ಕಿವಿಗೆ ಹಿಡಿದು ಗುಂಡಿ ಜಾರಿಸಿದರು. ಕೇಳಿ ಮುಗಿದ ಮೇಲೆ ಅದನ್ನು ನನ್ನ ಮೇಜಿನ ಮೇಲೆ, ನನ್ನ ಎದುರಿಗೆ ಇಟ್ಟರು. ಬೈದಿದ್ದರೆ, ಎರಡು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸುಮ್ಮನೆ ನನ್ನನ್ನೇ ನೋಡುತ್ತಾ ಕೂತರು. ನಾನು ಬಾಯಿ ಬಿಡದಿದ್ದರೆ ಮಾವ ಸೊಸೆ ಎದ್ದು ಕಿವಿ ಡಾಕ್ಟರ ಮನೆ ಹುಡುಕಿಕೊಂಡು ಹೋಗುತ್ತಾರೆ, ಡಾಕ್ಟರು ಏನೋ ಒಂದು ಔಷಧಿ ಬರೆಯುತ್ತಾರೆ, ರಾಯರು ಸಾಯುವವರೆಗೂ ತಾನು ಕಿವುಡನೆಂದೇ ತಿಳಿದಿರುತ್ತಾರೆ. ಇದಿಷ್ಟೂ ಒಂದೇ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು. ನನಗೆ ಭಯವಾಯಿತು, ನಾಚಿಕೆಯಾಯಿತು.

"ರಾಯರೇ, ನಿಮ್ಮ ಕಿವಿ ಹೋಗಿಲ್ಲ. ನಾನೇ ಕೆಡಿಸಿದ್ದು. ಹೊಳೀಲಿ ಅಂತ ತಂತಿ ಉಜ್ಜಿಬಿಟ್ಟೆ. ಎರಡೂ ಒಂದೇ ದನಿ ಆಯ್ತು. ಕೊಡುವಾಗಲೇ ನನಗೆ ಗೊತ್ತಿತ್ತು" ಎಂದೆ.

ಮೊದಲು ಸಿಡಿದವರು ಶಾರದಮ್ಮ. "ಗೊತ್ತಿದ್ದೂ ಕೊಟ್ರಾ? ಮೂರು ತಿಂಗಳಿಂದ ನಮ್ಮ ಮಾವ ಯಾರ ಹತ್ರಾನೂ ಬಾಯಿ ಬಿಟ್ಟು ಮಾತಾಡಿಲ್ಲ. ಕರೆದ್ರೆ, ನೀನೇನಂದ್ಯೋ ನನಗೆ ಕೇಳಿಸ್ಲಿಲ್ಲಮ್ಮ ಅಂತಾರೆ. ನೀವು ಮನುಷ್ಯರೇನ್ರೀ?"

ರಾಯರು ಸ್ಟೂಲಿನಿಂದ ಎದ್ದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿ ಎಂದು ಹತ್ತಿರ ಹೋಗಿ ನಿಂತೆ. ಅವರು ತಡಕಾಡಿ ನನ್ನ ಭುಜ ಹಿಡಿದುಕೊಂಡರು.

"ಅಂದ್ರೆ, ಎರಡೂ ಒಂದೇ ದನಿ ಇದ್ದದ್ದಕ್ಕೇ ಒಂದೇ ಥರ ಕೇಳ್ತಾ?"

"ಹೌದು ರಾಯರೇ."

"ನನ್ನ ಕಿವಿ ಸರಿಯಾಗಿದೆಯಾ?"

"ನಮ್ಮೆಲ್ಲರಿಗಿಂತ ಸರಿಯಾಗಿದೆ" ಎಂದರು ಉಸ್ತಾದ್.

ರಾಯರು ನಕ್ಕರು. ನಗುತ್ತಾ ನಗುತ್ತಾ ಅತ್ತರು. "ಶಾರದಾ, ಕೇಳಿದ್ಯೇನೇ, ನನ್ನ ಕಿವಿ ಇದೆಯಂತೆ ಕಣೇ" ಎಂದು ಮಗುವಿನ ಹಾಗೆ ಹೇಳಿದರು. ಅವರು ಬೈದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಆ ಸಂತೋಷವನ್ನು ಮರೆಯಲು ಇವತ್ತಿಗೂ ಆಗಿಲ್ಲ.

ತಂತಿ ಬದಲಿಸೋಣವೆಂದರೆ ಅಂಥದ್ದು ಮಂಡ್ಯದಲ್ಲಲ್ಲ, ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ಬುಡ ಸವೆದು ಇಳಿದ ದನಿಯನ್ನು ತುದಿ ಕಿರಿದು ಮಾಡಿ ಏರಿಸಬೇಕು. ಆದರೆ ಅರದಲ್ಲಿ ಹೋದ ಉಕ್ಕು ಮತ್ತೆ ಬರುವುದಿಲ್ಲ. ಒಂದು ಚೂರು ಹೆಚ್ಚಾದರೆ ತಂತಿ ಕೀರಲು ದನಿಗೆ ತಿರುಗಿ ಗಡಿಯಾರ ಶಾಶ್ವತವಾಗಿ ಹಾಳು. ನಾನು ಅರವನ್ನು ಉಸ್ತಾದರ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ಕೆಡಿಸಿದ ಕೈನೇ ಮಾಡ್ಲಿ. ಕಿವಿ ರಾಯರದ್ದು" ಎಂದರು.

ಹಾಗೆ ಶುರುವಾಯಿತು. ತಂತಿ ಬಿಚ್ಚುವುದು, ತುದಿಗೆ ಎರಡು ಎಳೆತ ಅರ ಹಾಕುವುದು, ಮತ್ತೆ ಕೂಡಿಸಿ, ಗಾಜು ಮುಚ್ಚಿ ರಾಯರ ಕೈಗೆ ಕೊಡುವುದು. ಗಾಜು ಮುಚ್ಚದೆ ಕೇಳಿದರೆ ದನಿ ಬೇರೆ, ಹಾಗಾಗಿ ಪ್ರತಿ ಸಲವೂ ಪೂರ್ತಿ ಕೂಡಿಸಲೇಬೇಕು. ರಾಯರು ಗುಂಡಿ ಜಾರಿಸಿ ತಲೆ ಬಾಗಿಸಿ ಕೇಳುತ್ತಿದ್ದರು. "ಇನ್ನೂ ಅಣ್ಣ ತಮ್ಮಂದಿರ ಹಾಗಿದೆ" ಎಂದರು ಒಂದು ಸಲ. "ಸ್ವಲ್ಪ ಬೇರೆ ಆಯ್ತು, ಸಾಲದು" ಎಂದರು ಇನ್ನೊಂದು ಸಲ. ಬೀದಿಯಲ್ಲಿ ಕಬ್ಬಿನ ಗಾಡಿ ಹೋದರೆ ಎಲ್ಲರೂ ಕಾಯುತ್ತಿದ್ದೆವು. ಶಾರದಮ್ಮ ಸಿಟ್ಟು ಮರೆತು, ಬಾಗಿಲಲ್ಲಿ ನಿಂತು ಬರುವ ಗಿರಾಕಿಗಳಿಗೆ ಮಾತಾಡಬೇಡಿ ಎಂದು ಕೈಸನ್ನೆ ಮಾಡುತ್ತಿದ್ದರು. ಊಟದ ಹೊತ್ತು ಮೀರಿತು. ಏಳನೆಯ ಸಲ ಕೂಡಿಸಿ ಕೊಟ್ಟಾಗ ರಾಯರು ಎರಡು ಬಾರಿ ಗುಂಡಿ ಜಾರಿಸಿ ಕೇಳಿದರು. ನನ್ನ ಕಿವಿಗೆ ಇನ್ನೊಂದೇ ಒಂದು ಎಳೆತ ಹಾಕಿದರೆ ದನಿ ಗಾಜಿನಂತೆ ಆಗುತ್ತದೆ ಅನ್ನಿಸಿತು. ಅರ ಕೈಗೆತ್ತಿಕೊಂಡೆ.

ಆ ಸದ್ದು ಅವರಿಗೆ ಕೇಳಿಸಿತು. "ಬೇಡ, ಇಡು ಕೆಳಗೆ. ಸಾಕು" ಎಂದರು.

ನಾನು ಉಸ್ತಾದರ ಮುಖ ನೋಡಿದೆ, ಅವರು ನನ್ನ ಕೈಯಲ್ಲಿದ್ದ ಅರವನ್ನು ನೋಡುತ್ತಿದ್ದರು. ಕೆಳಗಿಟ್ಟೆ.

ಉಸ್ತಾದ್ ಗಡಿಯಾರ ತೆಗೆದುಕೊಂಡು, ಸದ್ದಿಲ್ಲದೆ ಮುಳ್ಳು ತಿರುಗಿಸಿ, ಮತ್ತೆ ರಾಯರ ಕೈಗಿಟ್ಟರು. "ಈಗ ಟೈಮ್ ಹೇಳಿ ನೋಡೋಣ." ರಾಯರು ಗುಂಡಿ ಜಾರಿಸಿದರು. ಢಣ್, ಢಣ್, ಢಣ್. ಟಿಣ್, ಟಿಣ್, ಟಿಣ್. ಮೊದಲಿನ ದನಿ ಅಲ್ಲ ಅದು. ಸ್ವಲ್ಪ ಒಣಗಿದಂತೆ, ನೆಗಡಿಯಾದವರು ಮಾತಾಡಿದಂತೆ ಇತ್ತು. ಆದರೆ ಬೇರೆ ಬೇರೆಯಾಗಿತ್ತು.

"ಮೂರು ಗಂಟೆ ಮೂರು ನಿಮಿಷ" ಎಂದರು ರಾಯರು. ಹುಬ್ಬು ಗಂಟಿಕ್ಕಿತು. "ಏನ್ ಸಾಬರೇ, ನನ್ನನ್ನೇ ಪರೀಕ್ಷೆ ಮಾಡ್ತೀರಾ? ನನ್ನ ಹೊಟ್ಟೆ ಹೇಳ್ತಾ ಇದೆ, ಮೂರು ಯಾವಾಗ್ಲೋ ಆಗೋಗಿದೆ."

ಉಸ್ತಾದ್ ಮುಳ್ಳನ್ನು ಮತ್ತೆ ಸರಿಯಾದ ಟೈಮಿಗೆ ತಿರುಗಿಸಿಕೊಟ್ಟು, ಅವರನ್ನು ಬಸ್ ಹತ್ತಿಸಿ ಬಾ ಎಂದು ನನ್ನನ್ನು ಕಳಿಸಿದರು. ದಾರಿಯಲ್ಲಿ ಹೋಟೆಲಿನಲ್ಲಿ ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದೆವು. ರಾಯರು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು, ಕೋಟಿನ ಮೇಲೆ ಸರಪಳಿ ಮತ್ತೆ ಬಂದಿತ್ತು. ಮಂಕರಿಯ ತುಂಬ ಸೊಪ್ಪು ಹೊತ್ತ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಬಂದಳು. ಗೆಜ್ಜಲಗೆರೆಯವಳೋ ಏನೋ. ಸರಪಳಿ ನೋಡಿದಳು, ಕಣ್ಣು ನೋಡಲಿಲ್ಲ.

"ಸ್ವಾಮಿ, ಟೇಮ್ ಎಷ್ಟಾಯ್ತು? ನಾಕೂಕಾಲ್ ಬಸ್ಸು ಒಂಟೋಯ್ತಾ?"

ಶಾರದಮ್ಮ ಹೇಳಲು ಬಾಯಿ ತೆರೆದರು. ರಾಯರು ಕೈ ಎತ್ತಿ ತಡೆದರು. ಗಡಿಯಾರ ತೆಗೆದು ಕಿವಿಯ ಹತ್ತಿರ ಹಿಡಿದು ಗುಂಡಿ ಜಾರಿಸಿದರು. ಹಾರನ್ನು, ಕಂಡಕ್ಟರುಗಳ ಕೂಗು, ಎಲ್ಲದರ ನಡುವೆ ಅವರ ತುಟಿ ಎಣಿಸುತ್ತಿತ್ತು. ನಾನು ನನ್ನ ಕೈಗಡಿಯಾರ ನೋಡಿಕೊಂಡು ಉಸಿರು ಬಿಗಿಹಿಡಿದು ನಿಂತೆ.

"ನಾಲ್ಕು ಗಂಟೆ ಆರು ನಿಮಿಷ ಕಣಮ್ಮ. ಬಸ್ಸಿಗೆ ಇನ್ನೂ ಒಂಬತ್ತು ನಿಮಿಷ ಇದೆ."

"ಅಂಗಾರೆ ಒತ್ತದೆ ಬುಡಿ" ಎಂದು ಆಕೆ ಮಂಕರಿ ಇಳಿಸಿ, ಅಲ್ಲೇ ನೆಲದ ಮೇಲೆ ಕಾಲು ನೀಡಿ ಕೂತಳು.

ರಾಯರು ಗಡಿಯಾರವನ್ನು ಜೇಬಿಗಿಡಲಿಲ್ಲ. ಅಂಗೈಯಲ್ಲೇ ಇಟ್ಟುಕೊಂಡು ಸೊಸೆಯ ಕಡೆ ವಾಲಿ ಹೇಳಿದರು: "ನೋಡಿದ್ಯಾ ಶಾರದಾ, ಅವಳು ನನ್ನ ಟೈಮ್ ಕೇಳಿದ್ಲು."